ಹದಿನಾರರ ಕೈ

ಕೊಚ್ಚಿಯ ಪಾಲಾರಿವಟ್ಟಂನ ಟೈಲ್ಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಹಸಿರು ಬಟ್ಟೆ ಹೊದಿಸಿದ ಅರ್ಧಚಂದ್ರಾಕಾರದ ಮೇಜಿನ ಹಿಂದೆ ನಿಂತು ಜೀವಿತಾ ಹುಡುಗರಿಗೆ ಇಸ್ಪೀಟು ಹಂಚುವುದನ್ನು ಕಲಿಸುತ್ತಿದ್ದಳು. ಕುಂಬಳೆಯವಳು. ವರ್ಷಗಟ್ಟಲೆ ಪ್ರವಾಸಿ ಹಡಗುಗಳ ಕ್ಯಾಸಿನೊದಲ್ಲಿ ಬ್ಲ್ಯಾಕ್‌ಜಾಕ್ ಮೇಜಿನ ಡೀಲರ್ ಆಗಿದ್ದವಳು. ಎಲೆ ಎಳೆದೂ ಎಳೆದೂ ಬಲಗೈ ಮಣಿಕಟ್ಟು ಊದಿಕೊಳ್ಳಲು ಶುರುವಾದ ಮೇಲೆ ಹಡಗು ಬಿಟ್ಟು ಕೊಚ್ಚಿಯಲ್ಲಿ ಇಳಿದಳು. ಕೇರಳದಲ್ಲಿ ಕ್ಯಾಸಿನೊ ಇಲ್ಲದಿದ್ದರೂ ಹಡಗಿನ ಕೆಲಸಕ್ಕೆ ಹೋಗಬೇಕೆನ್ನುವವರಿಗೆ ಇಲ್ಲಿ ಬರವಿಲ್ಲ. ವಿನಾಯಕ್ ಎಂಬುವವನು ಒಂದು ತರಬೇತಿ ಕೇಂದ್ರ ತೆರೆದು ಇವಳನ್ನು ಮೇಷ್ಟ್ರಾಗಿ ಇಟ್ಟುಕೊಂಡ.

ಹೊಸ ತಂಡ ಬಂದ ದಿನ ಅವಳ ಪಾಠ ಹೀಗೆ ಶುರುವಾಗುತ್ತಿತ್ತು. ಇಪ್ಪತ್ತೊಂದರ ಹತ್ತಿರ ಹೋಗಬೇಕು, ದಾಟಬಾರದು. ಎರಡರಿಂದ ಹತ್ತರವರೆಗೆ ಎಲೆಯ ಮೇಲೆ ಇದ್ದಷ್ಟೇ ಬೆಲೆ. ಗುಲಾಮ, ರಾಣಿ, ರಾಜ ಮೂವರೂ ಹತ್ತು. ಎಕ್ಕ ಒಂದೂ ಆದೀತು, ಹನ್ನೊಂದೂ ಆದೀತು, ಅನುಕೂಲ ನೋಡಿಕೊಂಡು. ಆಟಗಾರನಿಗೆ ಎರಡು ಎಲೆ, ಡೀಲರ್‌ಗೆ ಎರಡು. ಡೀಲರ್‌ನ ಒಂದು ಎಲೆ ಮಾತ್ರ ಎಲ್ಲರಿಗೂ ಕಾಣುವಂತೆ.

"ಆಟಗಾರ ಇನ್ನೊಂದು ಎಲೆ ಕೇಳಬಹುದು, ಸಾಕು ಅನ್ನಬಹುದು. ಒಂದೇ ಬೆಲೆಯ ಎರಡು ಎಲೆ ಬಂದರೆ ಬಿಡಿಸಿ ಎರಡು ಕೈ ಮಾಡಿ ಆಡಬಹುದು. ನಮಗೆ ಅಂಥ ಸ್ವಾತಂತ್ರ್ಯ ಎಂತದ್ದೂ ಇಲ್ಲ. ಹದಿನಾರರವರೆಗೆ ಎಳೆಯಲೇಬೇಕು, ಹದಿನೇಳಾದರೆ ನಿಲ್ಲಲೇಬೇಕು."

"ಅಪ್ಪೋ, ಡೀಲರ್ ಹೇಗೆ ಗೆಲ್ಲೋದು ಚೇಚಿ? ಬುದ್ಧಿ ಓಡಿಸೋಕೆ ಬಿಟ್ಟಿರೋದು ಆಟಗಾರನಿಗೆ ಮಾತ್ರ ಅಲ್ವಾ?" ಎಂದು ಮೊದಲ ದಿನವೇ ಕೇಳಿದವನು ಶ್ರೇಯಸ್.

ಹಾಗಾದರೆ ಎನ್ನಲು ಅಪ್ಪೋ, ಅಕ್ಕ ಎನ್ನಲು ಚೇಚಿ, ಆ ಮಲಯಾಳದ ನಡುವೆ ಕನ್ನಡ ಕೇಳಿ ಜೀವಿತಾ ತಲೆ ಎತ್ತಿ ನೋಡಿದಳು. ತೆಳ್ಳಗೆ ಉದ್ದಕ್ಕೆ ಇದ್ದ ಹುಡುಗ. ತಂದೆ ತಾಯಿ ಮೈಸೂರಿನವರು, ತಂದೆ ತಿರುವನಂತಪುರದಲ್ಲಿ ಬಾಹ್ಯಾಕಾಶ ಸಂಸ್ಥೆಯ ವಿಜ್ಞಾನಿ. ಇವನು ಹುಟ್ಟಿ ಬೆಳೆದದ್ದೆಲ್ಲ ಅಲ್ಲಿಯೇ, ಶ್ರೀಕಾರ್ಯಂ ಬಡಾವಣೆಯಲ್ಲಿ. ಎಂಜಿನಿಯರಿಂಗ್ ಸೇರಿ, ಪಾಸಾಗದ ವಿಷಯಗಳು ಗುಡ್ಡೆಬಿದ್ದು, ನಡುವೆಯೇ ಬಿಟ್ಟು, ವಲ್ಲಾರ್ಪಾಡಂನ ಕಂಟೇನರ್ ಟರ್ಮಿನಲ್‌ನಲ್ಲಿ ಕಂಪ್ಯೂಟರ್ ಮುಂದೆ ಕೆಲವು ತಿಂಗಳು ಕೂತು, ಅಲ್ಲಿಯೂ ನಿಲ್ಲದೆ ಇಲ್ಲಿಗೆ ಬಂದಿದ್ದ. ಮನೆಯಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಎಂದು ಹೇಳಿದ್ದ.

"ಮೊದಲು ಆಡುವವನು ಅವನು," ಎಂದಳು ಜೀವಿತಾ. "ಅವನು ಇಪ್ಪತ್ತೊಂದು ದಾಟಿ ಒಡೆದರೆ ಅವನ ಕಥೆ ಅಲ್ಲಿಗೇ ಮುಗಿಯಿತು. ಆಮೇಲೆ ನಾವೂ ಒಡೆದೆವು ಅಂತ ಅವನು ಕಟ್ಟಿದ ದುಡ್ಡು ವಾಪಸು ಹೋಗುವುದಿಲ್ಲ. ಇಡೀ ಕ್ಯಾಸಿನೊ ನಿಂತಿರುವುದು ಅದೊಂದರ ಮೇಲೆ."

ಶ್ರೇಯಸ್ ಲೆಕ್ಕ ಹಾಕುವವನಂತೆ ಮೇಜಿನ ಎಲೆಗಳನ್ನು ನೋಡಿದ. ಆಮೇಲೆ ನಕ್ಕ.

ಆ ತಂಡದಲ್ಲಿ ಕನ್ನಡ ಬಲ್ಲವನು ಇನ್ನೊಬ್ಬನಿದ್ದ. ಉಪ್ಪಳದ ಇರ್ಫಾನ್. ಇನ್ಫೋಪಾರ್ಕಿನ ಐಟಿ ಕಂಪನಿಯೊಂದು ಜನ ಕಡಿಮೆ ಮಾಡಿದಾಗ ಕೆಲಸ ಕಳೆದುಕೊಂಡವನು. ಅವನ ಬೆರಳು ಮಂದ, ಎಲೆ ಹಂಚಿದರೆ ಮೇಜಿನಿಂದ ಕೆಳಗೆ ಹಾರುತ್ತಿತ್ತು. ಶ್ರೇಯಸ್‌ನ ಕೈಯಲ್ಲಿ ಎಲೆ ನೀರಿನ ಮೇಲೆ ಜಾರಿದಂತೆ ಜಾರಿ, ನಿಲ್ಲಬೇಕಾದ ಜಾಗದಲ್ಲಿ ನಿಲ್ಲುತ್ತಿತ್ತು. ಇಬ್ಬರೂ ಒಂದೇ ಕೋಣೆ ಬಾಡಿಗೆಗೆ ಹಿಡಿದರು. ಸಂಜೆ ಶ್ರೇಯಸ್ ಇರ್ಫಾನ್‌ಗೆ ಮತ್ತೆ ಪಾಠ ಹೇಳಿಕೊಡುತ್ತಿದ್ದ.

ಆಟಗಾರ ಹೇಗೆ ಆಡಬೇಕು ಎಂಬುದನ್ನೂ ಜೀವಿತಾ ಕಲಿಸುತ್ತಿದ್ದಳು. ಹಡಗಿನಲ್ಲಿ ಗಿರಾಕಿಗಳು ಡೀಲರನ್ನೇ ಕೇಳುತ್ತಾರೆ, ಈಗ ಏನು ಮಾಡಲಿ ಎಂದು. ಎಂಟರ ಜೋಡಿ ಬಂದರೆ ಬಿಡಿಸು. ಹತ್ತರ ಜೋಡಿ ಬಿಡಿಸುವವನು ಮೂರ್ಖ. ಡೀಲರ್ ಎದುರು ಆರು ಕಾಣುತ್ತಿದ್ದರೆ ನಿನ್ನ ಹನ್ನೆರಡೂ ಸಾಕು; ಸುಮ್ಮನಿರು, ಒಡೆಯುವ ಭಯ ಅವನಿಗಿರಲಿ. ಡೀಲರ್ ಎಕ್ಕ ತೋರಿಸಿ, ಸೋಲಿಗೆ ವಿಮೆಯೆಂದು ಇನ್ನಷ್ಟು ದುಡ್ಡು ಕಟ್ಟುತ್ತೀಯಾ ಎಂದರೆ ಬೇಡ ಅನ್ನು.

"ಕೆಟ್ಟ ಕೈ ಯಾವುದು ಗೊತ್ತುಂಟಾ? ಹದಿನಾರು. ಡೀಲರ್ ಎದುರು ಹತ್ತು. ಎಲೆ ಕೇಳಿದರೆ ಹೆಚ್ಚಾಗಿ ಒಡೆಯುತ್ತದೆ. ಕೇಳದೆ ಕೂತರೆ ಹೆಚ್ಚಾಗಿ ಸೋಲುತ್ತದೆ."

"ಮತ್ತೆ ಎಂತ ಮಾಡುದು ಅಕ್ಕ?" ಇರ್ಫಾನ್ ಕೇಳಿದ.

"ಕೇಳಬೇಕು. ಕೂದಲೆಳೆಯಷ್ಟು ನಷ್ಟ ಕಡಿಮೆ. ಹೆದರಿ ಕೂತವನು ಕೇಳಿದವನಿಗಿಂತ ಹೆಚ್ಚು ಸೋಲುತ್ತಾನೆ."

ಮಳೆಗಾಲ ಮುಗಿಯುವ ಹೊತ್ತಿಗೆ ವಿನಾಯಕ್ ಒಬ್ಬ ಏಜೆಂಟನನ್ನು ಕರೆತಂದ. ಥಾಯ್ಲೆಂಡಿನ ಕಡೆ ದೊಡ್ಡ ಕ್ಯಾಸಿನೊ, ತಕ್ಷಣ ಡೀಲರ್‌ಗಳು ಬೇಕು, ಊಟ ವಸತಿ ಅವರದೇ ಎಂದ. ಜೀವಿತಾ ಮೇಜು ಒರೆಸಿ, ಹೊಸ ಕಟ್ಟು ಬಿಚ್ಚಿ, ಹುಡುಗರನ್ನು ಸಾಲಾಗಿ ನಿಲ್ಲಿಸಿದಳು. ಡೀಲರನ್ನು ಆರಿಸುವವರು ಮೊದಲು ನೋಡುವುದು ಕೈ. ಹಡಗಿನವರಂತೂ ಉಗುರನ್ನೂ ಬಿಡದೆ ನೋಡುತ್ತಾರೆ. ಈ ಮನುಷ್ಯ ಮೇಜಿನ ಹತ್ತಿರವೂ ಬರಲಿಲ್ಲ. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಒಬ್ಬೊಬ್ಬರನ್ನೇ ಕರೆದು ಇಂಗ್ಲಿಷ್‌ನಲ್ಲಿ ಮಾತಾಡಿಸಿದ. ಟೈಪಿಂಗ್ ಎಷ್ಟು ವೇಗ ಎಂದು ಕೇಳಿದ. ಇರ್ಫಾನ್‌ನ ಪಾಸ್‌ಪೋರ್ಟ್ ಇನ್ನೂ ಬಂದಿರಲಿಲ್ಲ. ಶ್ರೇಯಸ್‌ನದು ಸಿದ್ಧವಿತ್ತು.

ಏಜೆಂಟ್ ಹೋದ ಮೇಲೆ ಜೀವಿತಾ ವಿನಾಯಕನನ್ನು ಕೇಳಿದಳು. "ಒಂದು ಎಲೆ ಹಂಚಿಸಿ ನೋಡಲಿಲ್ಲ. ಇವನು ಎಂಥ ಕ್ಯಾಸಿನೊದವನು?"

"ಅವರ ಪದ್ಧತಿ ಬೇರೆ ಇರುತ್ತದೆ ಜೀವಿತಾ. ಎಲ್ಲರನ್ನೂ ನಿನ್ನ ಹಡಗಿನವರ ಅಳತೆಯಲ್ಲಿ ಅಳೆಯಬೇಡ," ಎಂದು ವಿನಾಯಕ್ ಫೋನಿಗೆ ಮುಖ ತಗ್ಗಿಸಿದ.

ಆ ಸಂಜೆ ಅವಳು ಶ್ರೇಯಸ್‌ನನ್ನು ಕೆಳಗಿನ ಚಹಾದಂಗಡಿಗೆ ಕರೆದುಕೊಂಡು ಹೋದಳು. ಎದುರಿಗಿಟ್ಟ ಬಾಳೆಹಣ್ಣಿನ ಬಜ್ಜಿ, ಪಳಂಪೊರಿ, ತಣ್ಣಗಾಗುವವರೆಗೂ ಅವನು ಮುಟ್ಟಲಿಲ್ಲ.

"ಹೋಗುವುದು ಬೇಡ ಮಾರಾಯ. ಅವನಿಗೆ ಬೇಕಾದದ್ದು ಡೀಲರ್ ಅಲ್ಲ. ಎಂತ ಬೇಕು ಅಂತ ನನಗೆ ಗೊತ್ತಿಲ್ಲ, ಆದರೆ ಡೀಲರ್ ಅಲ್ಲ. ಜನವರಿಯಲ್ಲಿ ಹಡಗಿನವರು ಬರುತ್ತಾರೆ. ಅಷ್ಟರವರೆಗೆ ತಡಿ."

"ಅಷ್ಟರವರೆಗೆ ಮನೇಲಿ ಏನು ಹೇಳಲಿ? ಅಪ್ಪ ಪ್ರತಿ ಭಾನುವಾರ ಫೋನ್ ಮಾಡ್ತಾರೆ. ಏನೂ ಕೇಳಲ್ಲ ಚೇಚಿ, ಅದೇ ಕಷ್ಟ. ಊಟ ಆಯ್ತಾ ಅಂತಾರೆ, ಇಟ್ಟುಬಿಡ್ತಾರೆ." ಅವನು ಲೋಟವನ್ನು ಒಮ್ಮೆ ಸುತ್ತ ತಿರುಗಿಸಿದ. "ನಂದು ಹದಿನಾರರ ಕೈ. ಎದುರಿಗೆ ಹತ್ತು. ಕೂತರೆ ಇನ್ನೂ ಹೆಚ್ಚು ಸೋಲ್ತೀನಿ. ನೀವೇ ಹೇಳಿದ್ದಲ್ವಾ?"

ಅದು ಇಸ್ಪೀಟಿನ ಮಾತು, ಬದುಕಿನದಲ್ಲ ಎಂದು ಅವಳು ಹೇಳಬೇಕೆಂದುಕೊಂಡಳು. ಆದರೆ ಹಡಗು ಹತ್ತುವಾಗ ತಾನೂ ಹೀಗೆಯೇ ಲೆಕ್ಕ ಹಾಕಿದ್ದು ನೆನಪಾಯಿತು. ಮತ್ತೆ ಮತ್ತೆ ಬೇಡ ಎಂದಳು, ಅಷ್ಟೆ. ಅವನು ವಯಸ್ಸಿಗೆ ಬಂದ ಹುಡುಗ. ಅವನ ಮನೆಗೆ ಫೋನ್ ಮಾಡುವ ಯೋಚನೆ ಬಂದರೂ, ನಂಬಿ ಗುಟ್ಟು ಹೇಳಿದವನ ಬೆನ್ನಿಗೆ ಚೂರಿ ಹಾಕಿದಂತಾಗುತ್ತದೆ ಎಂದು ಸುಮ್ಮನಾದಳು. ಮರುವಾರ ಶ್ರೇಯಸ್ ನೆಡುಂಬಾಶ್ಶೇರಿಯಿಂದ ವಿಮಾನ ಹತ್ತಿದ. ಇರ್ಫಾನ್ ಹೋಗಿ ಬೀಳ್ಕೊಟ್ಟು ಬಂದ.

ಶ್ರೇಯಸ್‌ನ ಫೋನ್ ಬಂದದ್ದು ದೀಪಾವಳಿಯ ಮಾರನೆಯ ಮಧ್ಯಾಹ್ನ, ಜೀವಿತಾ ಪಾಠದ ನಡುವೆ ಇದ್ದಾಗ. ಗುರುತಿಲ್ಲದ ವಿದೇಶಿ ನಂಬರ್. ದನಿ ಎಷ್ಟು ಸಣ್ಣಗಿತ್ತೆಂದರೆ ಅವಳು ಮೆಟ್ಟಿಲಿಗೆ ಓಡಿಹೋಗಿ ಕಿವಿಗೆ ಒತ್ತಿ ಹಿಡಿದಳು.

"ಚೇಚಿ, ಇಲ್ಲಿ ಮೇಜೇ ಇಲ್ಲ."

ಬ್ಯಾಂಕಾಕ್‌ನಲ್ಲಿ ಇಳಿಸಿಕೊಂಡು, ಹಗಲು ರಾತ್ರಿ ವ್ಯಾನಿನಲ್ಲಿ ಸಾಗಿಸಿ, ದೋಣಿಯಲ್ಲಿ ನದಿ ದಾಟಿಸಿ ಮ್ಯಾನ್ಮಾರ್‌ಗೆ ತಂದಿದ್ದರಂತೆ. ಎತ್ತರದ ಗೋಡೆ, ಬಂದೂಕಿನ ಕಾವಲು. ದೊಡ್ಡ ಹಾಲಿನಲ್ಲಿ ಸಾಲು ಸಾಲು ಕಂಪ್ಯೂಟರ್. ಹುಡುಗಿಯ ಫೋಟೋ ಹಾಕಿಕೊಂಡು ಯಾವುದೋ ದೇಶದ ಒಂಟಿ ಗಂಡಸರೊಂದಿಗೆ ದಿನವಿಡೀ ಹರಟೆ ಹೊಡೆಯಬೇಕು. ನಂಬಿಕೆ ಬಂದ ಮೇಲೆ ಅವರನ್ನು ಸುಲಿಯುವವರು ಬೇರೆ. ಆಗುವುದಿಲ್ಲ ಎಂದವನನ್ನು ಎಲ್ಲರ ಎದುರು ಕರೆಂಟಿನ ಕೋಲಿನಿಂದ ಹೊಡೆಯುತ್ತಾರೆ.

"ನಾನೂ ಆಗಲ್ಲ ಅಂದೆ, ಒಂದು ಸಲ," ಎಂದ. "ಮನೇಲಿ ಹೇಳಬೇಡಿ. ಏನಾದ್ರೂ ಮಾಡಿ ಚೇಚಿ, ಆದ್ರೆ ಅಮ್ಮನಿಗೆ ಹೇಳಬೇಡಿ." ಹಿಂದೆ ಯಾರೋ ಕೂಗಿದರು. ಫೋನ್ ನಿಂತಿತು.

ಅವಳು ಮೇಲೆ ಹೋಗಿ ತರಗತಿಯ ಎಲ್ಲರ ಎದುರಿಗೇ ವಿಷಯ ಹೇಳಿದಳು. ಊರಿಗೆ ಹೋಗಿದ್ದ ಇರ್ಫಾನ್‌ಗೆ ಫೋನ್ ಮಾಡಿ, ಯಾರು ಕರೆದರೂ ಹೋಗಬೇಡ ಎಂದಳು. ವಿನಾಯಕ್ ಮೊದಲು ನಂಬಲಾಗದವನಂತೆ ಮಾತಾಡಿದ; ಏಜೆಂಟನ ನಂಬರ್ ಕೇಳಿದರೆ ಅದು ಸ್ವಿಚ್ ಆಫ್ ಆಗಿದೆ ಎಂದ. ಎರಡು ದಿನ ಕಳೆದು ಅವಳು ಕೆಲಸಕ್ಕೆ ಬಂದಾಗ ಕೇಂದ್ರಕ್ಕೆ ಬೀಗ ಬಿದ್ದಿತ್ತು.

ಶ್ರೇಯಸ್ ಬೇಡ ಎಂದಿದ್ದರೂ ಜೀವಿತಾ ಬೆಳಗಿನ ರೈಲು ಹಿಡಿದು ತಿರುವನಂತಪುರಕ್ಕೆ ಹೋದಳು. ಶ್ರೀಕಾರ್ಯಂನ ಮನೆಯಲ್ಲಿ ತಾಯಿ ಹರಿಣಾಕ್ಷಿ, ಮಗನ ಹೋಟೆಲ್ ಕಾಲೇಜಿನ ಮೇಡಂ ಬಂದಿದ್ದಾರೆಂದು ಸಡಗರಪಟ್ಟರು. ಬಿಸಿ ಅಕ್ಕಿರೊಟ್ಟಿ ತಟ್ಟೆಗೆ ಹಾಕಿ, "ತಿನ್ನಿ, ಇಲ್ಲಿ ನಮ್ಮೋರು ಅಂತ ಬರೋದೇ ಅಪರೂಪ. ಚಾಲೈ ಮಾರ್ಕೆಟ್ಟಲ್ಲಿ ಒಂದು ಅಂಗಡೀಲಿ ನಮ್ಮ ಕಡೆ ಕಾಫಿಪುಡಿ ಸಿಗುತ್ತೆ, ಮಾಡ್ಕೊಂಡು ಬರ್ತೀನಿ," ಎಂದು ಒಳಗೆ ಹೋದರು. ಜೀವಿತಾ ರೊಟ್ಟಿ ಮುರಿಯಲಿಲ್ಲ. ತಂದೆ ವಿಶ್ವೇಶ್ವರ ಅವಳ ಮುಖವನ್ನೇ ನೋಡುತ್ತ ಕೂತಿದ್ದವರು ಮೆಲ್ಲಗೆ, "ಇದಾನೋ ಇಲ್ವೋ, ಅಷ್ಟು ಹೇಳಿ ಮೊದಲು," ಎಂದರು.

"ಇದ್ದಾನೆ ಸರ್."

ಹರಿಣಾಕ್ಷಿ ಕಾಫಿ ಹಿಡಿದು ಬರುವಷ್ಟರಲ್ಲಿ ಅರ್ಧ ಹೇಳಿಯಾಗಿತ್ತು. ಉಳಿದರ್ಧವನ್ನು ಅವರ ಎದುರಿಗೇ ಹೇಳಬೇಕಾಯಿತು. ಅವರು ಕೂಗಾಡಲಿಲ್ಲ. ಲೋಟಗಳನ್ನು ಮೇಜಿನ ಮೇಲಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ವಿಶ್ವೇಶ್ವರ ಬೀರು ತೆಗೆದು, ಹಬ್ಬಕ್ಕೆ ನೆಂಟರು ಬಂದಾಗ ರಮ್ಮಿ ಆಡುವ ಹಳೆಯ ಇಸ್ಪೀಟು ಕಟ್ಟನ್ನು ತಂದಿಟ್ಟರು. "ಅವನು ಕಲಿತ ಆಟ ಏನು, ತೋರಿಸಿ."

"ಈಗ ಅದು ಯಾಕೆ ಸರ್?"

"ನನಗೆ ಗೊತ್ತಾಗ್ಬೇಕು. ಕಾಲೇಜಲ್ಲಿ ಇದ್ದಷ್ಟು ದಿನ ಅವನು ಏನು ಓದ್ತಾನೆ ಅಂತ ಕೇಳ್ದೆ. ಅವನಿಗೆ ಏನು ಬರುತ್ತೆ ಅಂತ ಕೇಳ್ಲಿಲ್ಲ."

ಅವಳು ಹಂಚಿದಳು. ಅಂಟಿಕೊಂಡಿದ್ದ ಹಳೆಯ ಎಲೆಗಳು. ಅವರು ಕೇಳಿದರು, ನಿಂತರು, ಒಡೆದರು, ಮತ್ತೆ ಹಂಚಿ ಎಂದರು. ಎಲ್ಲಿ ಕೇಳಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಅವಳು ಹೇಳುತ್ತ ಹೋದಳು. ಹತ್ತಿಪ್ಪತ್ತು ಕೈ ಆದ ಮೇಲೆ ಅವರು ಎಲೆಗಳನ್ನು ಜೋಡಿಸಿಟ್ಟರು.

"ಎಲ್ಲ ಸರಿಯಾಗಿ ಆಡಿದ್ರೂ ಕೊನೆಗೆ ಸೋಲೇ, ಅಲ್ವಾ?"

"ಹೌದು ಸರ್. ಸರಿಯಾಗಿ ಆಡಿದರೆ ನಿಧಾನಕ್ಕೆ ಸೋಲುವುದು."

"ಚೆನ್ನಾಗಿ ಹಂಚ್ತಿದ್ನಾ?"

"ನನಗಿಂತ ಚೆನ್ನಾಗಿ."

ವಿಶ್ವೇಶ್ವರ ತಲೆಯಾಡಿಸಿದರು. ಕಣ್ಣು ಒರೆಸಿಕೊಳ್ಳಲೂ ಇಲ್ಲ. ಎದ್ದು ಶರ್ಟು ಹಾಕಿಕೊಂಡು, "ನಡೀರಿ, ಪೊಲೀಸ್ ಸ್ಟೇಷನ್‌ಗೆ ಹೋಗೋಣ," ಎಂದರು.

ಅಲ್ಲಿಂದಾಚೆ ಕಾಯುವುದೇ ಕೆಲಸವಾಯಿತು. ದೂರು ಕೊಟ್ಟರು, ವಿದೇಶದಲ್ಲಿ ಸಿಕ್ಕಿಬಿದ್ದವರ ವಿಷಯ ನೋಡುವ ಕಚೇರಿಗೆ ಹೋದರು, ರಾಯಭಾರಿ ಕಚೇರಿಗೆ ಬರೆದರು. ವಿಶ್ವೇಶ್ವರ ರಜೆ ಹಾಕಿ ದೆಹಲಿಗೂ ಹೋಗಿ ಬಂದರು. ಜೀವಿತಾ ಎರ್ನಾಕುಳಂನ ಒಂದು ಹೋಟೆಲಿನಲ್ಲಿ ರಿಸೆಪ್ಷನ್ ಕೆಲಸ ಹಿಡಿದಳು. ಹರಿಣಾಕ್ಷಿ ಆಗಾಗ ಅವಳಿಗೆ ಫೋನ್ ಮಾಡುತ್ತಿದ್ದರು. ಒಬ್ಬರ ಉಸಿರನ್ನು ಇನ್ನೊಬ್ಬರು ಕೇಳಿಸಿಕೊಂಡು ಇಟ್ಟುಬಿಡುತ್ತಿದ್ದರು.

ಬೇಸಿಗೆಯಲ್ಲಿ ಆ ಕಡೆಯ ಸೈನ್ಯ ಇಂಥ ಕೆಲವು ಮೋಸದ ಗೂಡುಗಳ ಮೇಲೆ ದಾಳಿ ಮಾಡಿ ನೂರಾರು ಜನರನ್ನು ಬಿಡಿಸಿತು. ಮೊದಲ ವಿಮಾನದಲ್ಲಿ ಬಂದ ಕೇರಳದವರಲ್ಲಿ ಶ್ರೇಯಸ್ ಇರಲಿಲ್ಲ. ಇರ್ಫಾನ್ ಇದ್ದ.

ಟಿವಿಯಲ್ಲಿ ಅವನ ಮುಖ ಕಂಡಾಗ ಜೀವಿತಾ ಕೈಯಲ್ಲಿದ್ದ ಕೆಲಸ ಬಿಟ್ಟು ಪರದೆಯ ಹತ್ತಿರಕ್ಕೆ ಹೋದಳು. ಅವನು ಹೋದದ್ದೇ ಅವಳಿಗೆ ಗೊತ್ತಿರಲಿಲ್ಲ. ಉಪ್ಪಳದಲ್ಲಿ ಇದ್ದಾನೆ, ಸಿಟ್ಟಿನಿಂದಲೋ ಬೇಸರದಿಂದಲೋ ಫೋನ್ ಎತ್ತುತ್ತಿಲ್ಲ ಎಂದುಕೊಂಡಿದ್ದಳು. ವಾರ ಕಳೆದು ಅವನೇ ಹೋಟೆಲಿಗೆ ಹುಡುಕಿಕೊಂಡು ಬಂದ. ಊಟದ ಬಿಡುವಿನಲ್ಲಿ ಇಬ್ಬರೂ ಹಿತ್ತಲಿನ ಸಿಮೆಂಟು ಕಟ್ಟೆಯ ಮೇಲೆ ಕೂತರು. ಅವಳು ಎಡಗಡೆ ಕೂರಲು ಹೋದಾಗ, "ಈಚೆ ಬನ್ನಿ ಅಕ್ಕ, ಆ ಕಿವಿ ಕೇಳುದಿಲ್ಲ," ಎಂದ. ಹೊಡೆತ ಬಿದ್ದದ್ದು ಅಲ್ಲಿಗೆ.

"ನಾನು ಬೇಡ ಅಂದಿದ್ದೆ ಅಲ್ಲವಾ ಇರ್ಫಾನ್?"

"ಹೇಳಿದ್ರಿ. ಅದಾಗಿ ಮೂರನೇ ವಾರಕ್ಕೆ ಶ್ರೇಯಸ್ ವಿಡಿಯೋ ಕಾಲ್ ಮಾಡಿದ. ನಗ್ತಾ ಇದ್ದ ಅಕ್ಕ. ಒಳ್ಳೆ ಶರ್ಟು. ಮೊದಲು ಇದ್ದ ಜಾಗ ಸರಿ ಇರಲಿಲ್ಲ, ಈಗ ನಿಜವಾದ ಕ್ಯಾಸಿನೊ ಸಿಕ್ಕಿದೆ, ನಿನ್ನ ಪಾಸ್‌ಪೋರ್ಟ್ ಬಂತಲ್ಲ, ಬಾ ಅಂದ. ಚೇಚಿಗೆ ಹೇಳ್ಬೇಡ, ಅವರು ಹೆದರಿಸ್ತಾರೆ ಅಂದ." ಇರ್ಫಾನ್ ಅಂಗೈಯಿಂದ ಮಂಡಿ ಉಜ್ಜಿಕೊಂಡ. "ನಾನು ಹೋಗಿ ಇಳಿದ ದಿವಸ ಅವನು ನನ್ನ ಮುಖ ನೋಡ್ಲಿಲ್ಲ. ಒಬ್ಬನನ್ನು ತಂದರೆ ಹೊಡೆಯುವುದನ್ನು ನಿಲ್ಲಿಸ್ತಾರೆ ಅಲ್ಲಿ. ಮೂರು ಜನರನ್ನು ತಂದರೆ ಬಿಡ್ತೇವೆ ಅಂತಾರೆ. ಬಿಡುದಿಲ್ಲ."

"ಅವನು ಎಷ್ಟು ಜನರನ್ನು..."

"ನಾನೊಬ್ಬನೇ. ನನಗೆ ಗೊತ್ತಿರುವ ಹಾಗೆ."

ನೆರಳು ಸರಿದು ಬಿಸಿಲು ಕಾಲಿಗೆ ಬಿತ್ತು. ನಾಳೆ ಪೊಲೀಸರು ಹೇಳಿಕೆ ತೆಗೆದುಕೊಳ್ಳುತ್ತಾರೆ, ಯಾರು ಕರೆಸಿಕೊಂಡರು ಎಂದು ಕೇಳಿಯೇ ಕೇಳುತ್ತಾರೆ ಎಂದ ಇರ್ಫಾನ್. "ಏಜೆಂಟ್ ಹೆಸರು ಮಾತ್ರ ಹೇಳಿ ಬಿಟ್ಟುಬಿಡ್ಲಾ? ನೀವು ಹೇಳಿದ ಹಾಗೆ ಮಾಡ್ತೇನೆ."

ಜೀವಿತಾಗೆ ಹರಿಣಾಕ್ಷಿಯ ಉಸಿರು ಕೇಳಿಸಿದಂತಾಯಿತು. ಹೇಳಬೇಡ ಎಂಬ ಮಾತು ನಾಲಿಗೆಯ ತುದಿಯಲ್ಲಿಯೇ ಇತ್ತು. ಆದರೆ ಕೇಳದ ಕಿವಿಯನ್ನು ಆಚೆ ತಿರುಗಿಸಿಕೊಂಡು ತನ್ನ ಬಾಯನ್ನೇ ನೋಡುತ್ತಿದ್ದ ಈ ಹುಡುಗನಿಗೆ ಇನ್ನೊಂದು ಭಾರ ಹೊರಿಸಲು ಅವಳಿಂದ ಆಗಲಿಲ್ಲ.

"ನಡೆದದ್ದನ್ನು ಹೇಳು," ಎಂದಳು. "ಅವನನ್ನು ಹೊಡೆದದ್ದನ್ನೂ ಹೇಳು. ಎರಡನ್ನೂ."

ಮಾರನೆಯ ದಿನ ಅವಳು ಮತ್ತೆ ತಿರುವನಂತಪುರದ ರೈಲು ಹತ್ತಿದಳು. ಈ ಸುದ್ದಿಯನ್ನು ಆ ಮನೆಯವರು ಪೊಲೀಸರ ಬಾಯಿಂದ ಕೇಳಬಾರದು ಎನಿಸಿತು. ಈ ಸಲ ಹರಿಣಾಕ್ಷಿ ಎದುರಿಗೇ ಕೂತು ಪೂರ್ತಿ ಕೇಳಿದರು.

"ಆ ಹುಡುಗ ನಿಮ್ಮನ್ನ ಕೇಳ್ದ. ಬೇಡಪ್ಪ ಅನ್ನಬಹುದಿತ್ತು ನೀವು."

"ಅನ್ನಬಹುದಿತ್ತು."

"ಒಂದು ಮಾತು. ಒಂದೇ ಒಂದು ಮಾತು ಸಾಕಾಗಿತ್ತು." ಅವರ ದನಿ ಏರಿತು. "ನನ್ನ ಮಗ ಇನ್ನೂ ಅಲ್ಲೇ ಇದಾನೆ, ಬಂದ್ರೆ ಇಲ್ಲಿ ಜೈಲು. ನಿಮ್ಮ ಮಗ ಆಗಿದ್ರೆ ಹಿಂಗೆ ಮಾಡ್ತಿದ್ರಾ? ಎದ್ದು ಹೋಗಿ. ಹೋಗಿ ನೀವು!"

ವಿಶ್ವೇಶ್ವರ ಗೇಟಿನವರೆಗೂ ಬಂದರು. ಕೆಲವೇ ತಿಂಗಳುಗಳಲ್ಲಿ ಮುದುಕರಾಗಿದ್ದರು. "ಅವಳ ಮಾತಿಗೆ ಬೇಜಾರು ಮಾಡ್ಕೋಬೇಡಿ," ಎಂದು ಹೇಳಿ, ಗೇಟಿನ ಸರಳು ಹಿಡಿದು ನಿಂತರು. "ಆ ಹುಡುಗನ ತಂದೆ ತಾಯಿಗೆ ನಾನು ಏನು ಹೇಳ್ಬೇಕು?" ಬಸ್ಸು ಬಂತು, ಜೀವಿತಾ ಹತ್ತಿದಳು.

ಜೂನ್ ಕಳೆಯುವ ಮೊದಲು ಇನ್ನೊಂದು ವಿಮಾನ ಬಂತು. ಆ ಪಟ್ಟಿಯಲ್ಲಿ ಶ್ರೇಯಸ್ ಹೆಸರಿತ್ತು. ಮಳೆಯ ಬೆಳಗ್ಗೆ ಜೀವಿತಾ ನೆಡುಂಬಾಶ್ಶೇರಿಗೆ ಹೋದಾಗ ವಿಶ್ವೇಶ್ವರ, ಹರಿಣಾಕ್ಷಿ ಆಗಲೇ ಕಂಬಿಯ ಮುಂದೆ ನಿಂತಿದ್ದರು. ಹರಿಣಾಕ್ಷಿ ಅವಳನ್ನು ನೋಡಿ ಮುಖ ತಿರುಗಿಸಿದರು. ಸ್ವಲ್ಪ ದೂರದಲ್ಲಿ, ಯಾರೂ ಕರೆಯದೆ, ಇರ್ಫಾನ್ ಕೂಡ ಬಂದು ನಿಂತಿದ್ದ.

ಶ್ರೇಯಸ್ ಇಬ್ಬರು ಪೊಲೀಸರ ನಡುವೆ ಬಂದ. ಕೋಳ ಹಾಕಿರಲಿಲ್ಲ. ತಲೆ ಬೋಳಿಸಿದ್ದರು, ಕುತ್ತಿಗೆಯ ಪಕ್ಕದಲ್ಲಿ ಸುಟ್ಟ ಕಲೆಗಳಿದ್ದವು. ಹರಿಣಾಕ್ಷಿ ಕಂಬಿಯ ಮೇಲಿಂದ ಕೈ ಚಾಚಿ ಅವನ ಕೆನ್ನೆ ಮುಟ್ಟಿದರು. ಅವನು ಕಲ್ಲಿನ ಹಾಗೆ ಮುಟ್ಟಿಸಿಕೊಂಡ. "ಅಮ್ಮೇ," ಎಂದು ಮಾತ್ರ ಅಂದ. ತಂದೆಯನ್ನು ನೋಡಲಿಲ್ಲ. ಪೊಲೀಸರು ಮುಂದಕ್ಕೆ ನಡೆಸಿದಾಗ ಇರ್ಫಾನ್ ಕಂಡ. ಶ್ರೇಯಸ್‌ನ ಕಾಲು ತಡೆಯಿತು. ತಲೆ ತಗ್ಗಿಸಿ, ಇರ್ಫಾನ್‌ನ ಎಡಗಡೆಯಿಂದ ಏನೋ ಹೇಳಿದ. ಬಹಳ ಮೆಲ್ಲಗೆ, ತುಟಿಯಷ್ಟೇ ಆಡಿತು. ಇರ್ಫಾನ್ ಮುಖ ಸ್ವಲ್ಪ ತಿರುಗಿಸಿದ್ದರೆ ಕೇಳಿಸುತ್ತಿತ್ತು. ಅವನು ತಿರುಗಿಸಲಿಲ್ಲ. ಪೊಲೀಸರು, "ಬಾ, ಬಾ" ಎಂದು ಭುಜ ತಟ್ಟಿ ಜೀಪಿನತ್ತ ಕರೆದೊಯ್ದರು.

ವಿಶ್ವೇಶ್ವರ ಇರ್ಫಾನ್ ಬಳಿ ಹೋಗಿ ಕೈ ಮುಗಿದರು. ಇರ್ಫಾನ್ ಗಾಬರಿಯಾಗಿ ಅವರ ಕೈ ಹಿಡಿದು ಕೆಳಗಿಳಿಸಿದ. "ಹಾಗೆ ಮಾಡ್ಬೇಡಿ ಸರ್," ಎಂದ. ಹೇಳಿಕೆ ವಾಪಸು ತೆಗೆದುಕೊಳ್ಳುತ್ತೇನೆ ಎನ್ನಲಿಲ್ಲ. ಅವರೂ ಕೇಳಲಿಲ್ಲ.

ಶ್ರೇಯಸ್‌ಗೆ ಓಣಂಗೆ ಮೊದಲು ಜಾಮೀನು ಸಿಕ್ಕಿತು. ವಿನಾಯಕ್ ತ್ರಿಶೂರಿನಲ್ಲಿ ಸಿಕ್ಕಿಬಿದ್ದ. ಏಜೆಂಟ್ ಸಿಗಲೇ ಇಲ್ಲ. ಇರ್ಫಾನ್ ಉಪ್ಪಳಕ್ಕೆ ಹೋಗಿ ಚಿಕ್ಕಪ್ಪನ ಮೊಬೈಲ್ ಅಂಗಡಿಯಲ್ಲಿ ಕೂರುತ್ತಾನೆ, ಕೋರ್ಟಿನ ದಿನ ಬಂದು ಹೋಗುತ್ತಾನೆ. ಕೋರ್ಟಿನ ಜಗಲಿಯಲ್ಲಿ ಇರ್ಫಾನ್, ಶ್ರೇಯಸ್ ಇಬ್ಬರೂ ಬೇರೆ ಬೇರೆ ಬೆಂಚಿನಲ್ಲಿ ಕೂರುವುದನ್ನು ಸಾಕ್ಷಿ ಹೇಳಲು ಹೋದಾಗ ಜೀವಿತಾ ನೋಡಿದಳು. ಯಾವ ಬೆಂಚಿಗೆ ಹೋಗುವುದು ಎಂದು ತಿಳಿಯದೆ, ತನ್ನ ಹೆಸರು ಕೂಗುವವರೆಗೂ ನಿಂತೇ ಇದ್ದಳು.

ಹರಿಣಾಕ್ಷಿಯ ಫೋನ್ ನಿಂತುಹೋಗಿ ಬಹಳ ದಿನವಾಗಿತ್ತು. ಒಂದು ಸಂಜೆ ಹೋಟೆಲಿನಲ್ಲಿ ಗಿರಾಕಿಗೆ ಕೋಣೆಯ ಬೀಗದ ಕೈ ಕೊಡುತ್ತಿದ್ದಾಗ ಅವರ ಹೆಸರು ಫೋನಿನಲ್ಲಿ ಮೂಡಿತು. ಜೀವಿತಾ ಎತ್ತಿ, "ಹೇಳಿ ಅಮ್ಮ," ಎಂದಳು.

"ರೂಮಿಂದ ಆಚೆ ಬಂದಿದಾನೆ ಇವತ್ತು. ಅವರಪ್ಪನ ಪಕ್ಕ ಕೂತಿದಾನೆ. ಇಬ್ರೂ ಮಾತಾಡ್ತಿಲ್ಲ, ಸುಮ್ನೆ ಕೂತಿದಾರೆ." ಆ ಕಡೆ ಒಲೆಯ ಮೇಲೆ ಏನೋ ಸಿಡಿಯಿತು. "ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು," ಎಂದು ಫೋನ್ ಇಟ್ಟರು.